ಗಂಗಕ್ಕನ ದನಿ ಇದ್ದ ವರ್ಷ

ಹೋದ ವಾರ ಕೊಡಿಗೇಹಳ್ಳಿಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಕನ್ನಡಕದ ನಂಬರು ಏರಿದೆ ಎಂದು ಅವರು, ಏರಿಲ್ಲ ಎಂದು ನಾನು, ಸ್ವಲ್ಪ ಹೊತ್ತು ವಾದ ಮಾಡಿ ಸೋತು ಹೊರಗೆ ಬಂದರೆ ಎದುರಿನ ಅಡ್ಡರಸ್ತೆಯಲ್ಲಿ ಒಂದು ಇಸ್ತ್ರಿ ಗಾಡಿ. ವಯಸ್ಸಾದವರೊಬ್ಬರು ಬಿಳಿ ಪಂಚೆಯ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಎಳೆದರು. ಕೆಂಡ, ಒದ್ದೆ ಬಟ್ಟೆ, ಸೀದ ಗಂಜಿ, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಿವಿಯಲ್ಲಿ ಒಂದು ಹೆಂಗಸಿನ ದನಿ ಗದರಿತು. "ಏಯ್, ದೂರ ನಿಂತ್ಕಳಮ್ಮಿ, ಕೆಂಡ ಸಿಡೀತದೆ."

ಅದು ಗಂಗಕ್ಕನ ದನಿ. ಈಗ ಅದು ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಒಂದು ಕಾಲಕ್ಕೆ ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಗಂಟೆಗಟ್ಟಲೆಯ ಮುದ್ರಣವಾಗಿ ಇತ್ತು. ನಾವೇ ಅಳಿಸಿದೆವು. ಕೊಟ್ಟ ಮಾತಿನಂತೆ ಅಳಿಸಿದೆವು. ಆ ಮಾತನ್ನು ಹಟ ಹಿಡಿದು ಪಡೆದುಕೊಂಡವಳೂ ಅವಳೇ.

ಆ ವರ್ಷ ನಾನು ಯಲಹಂಕದ ಕಡೆಯ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ಬೇರೆ ಬೇರೆ ಮನೆಮಾತಿನ ಮಕ್ಕಳು ಶಾಲೆಯಲ್ಲಿ ಕನ್ನಡ ಓದಲು ಹೇಗೆ ಕಲಿಯುತ್ತಾರೆ, ಮನೆಯಲ್ಲಿ ಕೇಳುವ ಮಾತು, ಕಥೆ ಅದಕ್ಕೆ ಎಷ್ಟು ನೆರವಾಗುತ್ತದೆ ಎಂಬುದು ನಮ್ಮ ಯೋಜನೆಯ ವಿಷಯ. ಯೋಜನೆಯ ಪ್ರಸ್ತಾವನೆಯಲ್ಲಿ ಇದನ್ನೇ ಯಾರಿಗೂ ಅರ್ಥವಾಗದ ಹಾಗೆ ಇಂಗ್ಲಿಷಿನಲ್ಲಿ ಬರೆದಿದ್ದರು, ಅದಕ್ಕೇ ಹಣ ಸಿಕ್ಕಿತ್ತು ಎಂದು ನನ್ನ ಗುಮಾನಿ. ಮುಖ್ಯಸ್ಥರು ನಮ್ಮ ಮೇಡಂ. ತೆಳ್ಳಗೆ, ಎತ್ತರಕ್ಕೆ, ಇಸ್ತ್ರಿ ಮುರಿಯದ ಹತ್ತಿ ಸೀರೆ, ಮುರಿಯದ ನಿಯಮಗಳು. ಅವರಿಗೆ ಹೆದರದವರು ಇಡೀ ವಿಭಾಗದಲ್ಲಿ ಯಾರೂ ಇರಲಿಲ್ಲ.

ಕೊಡಿಗೇಹಳ್ಳಿಯ ಹತ್ತಿರದ ಒಂದು ಸರ್ಕಾರಿ ಶಾಲೆಯ ಮೂರನೇ ಕ್ಲಾಸು ನನ್ನ ಪಾಲಿಗೆ ಬಂದಿತ್ತು. ಒಂದೇ ಬೆಂಚಿನ ಮೇಲೆ ಮನೆಯಲ್ಲಿ ತಮಿಳು ಆಡುವ ಹುಡುಗ, ಉರ್ದು ಆಡುವ ಹುಡುಗಿ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ನೇಪಾಳಿ ಮಗು, ಕಟ್ಟಡದ ಕೆಲಸಕ್ಕೆ ಬಂದ ರಾಯಚೂರಿನವರ ಮಗಳು ಒತ್ತಿಕೊಂಡು ಕೂತಿರುತ್ತಿದ್ದರು. ತುದಿಯಲ್ಲಿ ಪಲ್ಲವಿ. ಅವಳ ಮನೆಮಾತು ಕನ್ನಡವೇ, ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯದು. ಆದರೆ ಪುಸ್ತಕದ ಕನ್ನಡ ಆ ನೇಪಾಳಿ ಮಗುವಿಗೆ ಎಷ್ಟು ದೂರವೋ ಅವಳಿಗೂ ಅಷ್ಟೇ ದೂರವಿತ್ತು. ಅಕ್ಷರಗಳೆಲ್ಲ ಗೊತ್ತು, ಒಂದಕ್ಕೊಂದು ಕೂಡಿ ಪದವಾಗುತ್ತಿರಲಿಲ್ಲ. ಪದದ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತು ಹೋಗಿ, ಬೆರಳನ್ನು ಅಲ್ಲೇ ಇಟ್ಟುಕೊಂಡು ನನ್ನ ಮುಖ ನೋಡುತ್ತಿದ್ದಳು.

ಅವಳ ತಾಯಿ ಗಂಗರತ್ನ ಶಾಲೆಯ ಹಿಂದಿನ ರಸ್ತೆಯಲ್ಲಿ, ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒತ್ತಿಕೊಂಡು ನಿಂತ ಗಾಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು, ನಾನು ಗಂಗಕ್ಕ ಎಂದೆ. ತಂದೆ ನಾಗರಾಜ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ತಾಯಿ ಮಗಳು ಕಥೆ ಹೇಳಿಕೊಳ್ಳುವುದನ್ನು ವಾರಕ್ಕೊಮ್ಮೆ ಧ್ವನಿಮುದ್ರಣ ಮಾಡಿಕೊಳ್ಳಲು ಒಪ್ಪಿಗೆ ಕೇಳುವುದಕ್ಕೆ ಜೂನಿನ ಒಂದು ಮಧ್ಯಾಹ್ನ ಗಾಡಿಯ ಹತ್ತಿರ ಹೋದೆ. ಒಪ್ಪಿಗೆ ಪತ್ರವನ್ನು ನಾನು ಓದುತ್ತಾ ಹೋದೆ, ಅವಳು ಯಾರದೋ ಪ್ಯಾಂಟಿನ ಗೆರೆ ತೀಡುತ್ತಾ ಕೇಳಿದಳು. ಮುಗಿದ ಮೇಲೆ ಪೆಟ್ಟಿಗೆಯನ್ನು ದಡ್ ಎಂದು ಕಲ್ಲಿನ ಮೇಲಿಟ್ಟಳು.

"ಬ್ಯಾಡ ಮಿಸ್."

"ಯಾಕೆ ಗಂಗಕ್ಕ?"

"ನಾನು ಏನೋ ಅಂತೀನಿ, ಎಂಗೋ ಬೈತೀನಿ. ನಂಗೆ ಓದು ಬರಲ್ಲ, ನಮ್ ಮಾತು ಇಂಗೆ. ಅದ್ನ ದೊಡ್ಡ ದೊಡ್ಡೋರೆಲ್ಲ ಕೂತ್ಕಂಡು ಕೇಳಿ ಆಡ್ಕಳದಾ? ನಂಗಿರ್ಲಿ, ನನ್ ಮಗೀಗೆ ಅವಮಾನ."

"ನಾನು, ನಮ್ಮ ಮೇಡಂ ಬಿಟ್ರೆ ಬೇರೆ ಯಾರೂ ಕೇಳಲ್ಲ. ನೀವು ಹೇಳಿದ್ದನ್ನ ನಾನು ಬರ್ಕೊಳ್ತೀನಿ. ಬರೆದಾದ ಮೇಲೆ ಅಳಿಸಿಬಿಡ್ತೀವಿ."

"ಅಳ್ಸದು ಅಂದ್ರೆ ಪೂರಾ?"

"ಪೂರಾ."

"ದ್ಯಾವ್ರಾಣೆ?"

ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರದಲ್ಲಿ ದೇವರಾಣೆಗೆ ಜಾಗವಿಲ್ಲ. ಆದರೂ ಇಟ್ಟೆ. ಆಮೇಲೆಯೇ ಅವಳು ಹೆಬ್ಬೆಟ್ಟು ಒತ್ತಿದ್ದು. ವರ್ಷಗಟ್ಟಲೆ ಕಾದ ಪೆಟ್ಟಿಗೆ ಹಿಡಿದ ಆ ಬೆರಳು ನುಣುಪಾಗಿ ಹೋಗಿತ್ತು, ಕಾಗದದ ಮೇಲೆ ಗೆರೆಗಳು ಸರಿಯಾಗಿ ಮೂಡಲೇ ಇಲ್ಲ.

ಆ ಸಲ ಮಳೆ ಮಧ್ಯಾಹ್ನದ ಮೇಲೆ ಹಿಡಿಯುತ್ತಿತ್ತು. ಶಾಲೆ ಬಿಡುವ ಹೊತ್ತಿಗೆ ವಿಮಾನ ನಿಲ್ದಾಣದ ರಸ್ತೆಯ ಕಡೆಯಿಂದ ಮೋಡ ಕವಿದು ಬರುವುದು, ಗಂಗಕ್ಕ ಗಾಡಿಗೆ ನೀಲಿ ಟಾರ್ಪಾಲು ಎಳೆದು ಕಟ್ಟುವುದು, ನಾವು ಮೂವರೂ ಅದರ ಕೆಳಗೆ ಸೇರುವುದು. ನಾನು ಕೊಟ್ಟಿದ್ದ ಪುಸ್ತಕದಲ್ಲಿ ಅಕ್ಷರವೇ ಇರಲಿಲ್ಲ, ಬರೀ ಚಿತ್ರ. ಒಂದು ಕೋಳಿ ಬಸ್ಸು ಹತ್ತಿ ಪೇಟೆಗೆ ಹೋಗಿ ಹೇಗೋ ಮನೆಗೆ ಮರಳುತ್ತದೆ. ಓದು ಬಾರದ ತಾಯಂದಿರು ಅಳುಕದಿರಲಿ ಎಂದು ಮೇಡಂ ಹುಡುಕಿ ತಂದಿದ್ದ ಪುಸ್ತಕ ಅದು.

ಗಂಗಕ್ಕ ಮೊದಲ ದಿನ ರೆಕಾರ್ಡರಿಗೆ ಹೆದರಿ, "ಇದು ಕೋಳಿ. ಇದು ಬಸ್ಸು" ಎಂದು ಮುಗಿಸಿಬಿಟ್ಟಳು. ಎರಡನೇ ವಾರಕ್ಕೆ ಆ ಯಂತ್ರ ಅವಳ ಕಣ್ಣಿಗೆ ಇನ್ನೊಂದು ನೀರಿನ ಚೊಂಬಿನಂತಾಗಿ ಹೋಯಿತು. ಕೈ ತನ್ನ ಪಾಡಿಗೆ ಅಂಗಿಯ ತೋಳು ತಿರುವುತ್ತಿತ್ತು, ಬಾಯಿ ಕೋಳಿಯ ಹಿಂದೆ ಹೋಗುತ್ತಿತ್ತು. "ನೋಡು, ಈ ಕೋಳಿ ಯಲಾಂಕದಾಗೆ ಇಳೀಬೇಕಿತ್ತು, ನಿದ್ದೆ ಮಾಡ್ಬುಟ್ಟು ಮೆಜೆಸ್ಟಿಕ್ಕಿಗೆ ವೋಗೈತೆ. ಈವಾಗ ಕಂಡಕ್ಟ್ರು ಬೈತಾವ್ನೆ." ಇನ್ನೊಂದು ವಾರ ಅದೇ ಕೋಳಿ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬಸ್ಸಿನೊಳಗೇ ಮೊಟ್ಟೆ ಇಟ್ಟಿತು. ಮತ್ತೊಂದು ವಾರ ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆಯ ಹಿಂದೆ ಅಡಗಿತು. ಪುಸ್ತಕ ಒಂದೇ, ಕಥೆ ಒಂದು ದಿನವೂ ಒಂದೇ ಇರಲಿಲ್ಲ. ಪಲ್ಲವಿ ಪುಸ್ತಕ ಹಿಡಿದು ನಿಂತು, ಚಿತ್ರದ ಮೇಲೆ ಬೆರಳಿಟ್ಟು, ತಾಯಿಯನ್ನು ಪ್ರಶ್ನೆಗಳಲ್ಲಿ ಮುಳುಗಿಸುತ್ತಿದ್ದಳು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ಇವಳೇನಾ ಎಂದು ನನಗೆ ಅನ್ನಿಸುತ್ತಿತ್ತು.

ಹಾಗೆ ತಂದ ಮಾತನ್ನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಬರೆಯುವುದು ನನ್ನ ಉಳಿದ ಕೆಲಸ. ನಾಲ್ಕು ಮಾತು ಕೇಳು, ನಿಲ್ಲಿಸು, ಬರೆ, ಹಿಂದಕ್ಕೆ ಹೋಗು, ಮತ್ತೆ ಕೇಳು. "ಅವರು ಅಂದ ಹಾಗೇ ಬರಿ. ನೀನು ತಿದ್ದೋಕೆ ಹೋಗ್ಬೇಡ" ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ಮಳೆ ಟಾರ್ಪಾಲಿನ ಮೇಲೆ ಬಿದ್ದದ್ದು, ಪೆಟ್ಟಿಗೆ ಕಲ್ಲಿನ ಮೇಲೆ ಕೂತದ್ದು, ಎಲ್ಲ ಕೇಳುತ್ತಿತ್ತು. ಆ ತಿಂಗಳುಗಳಲ್ಲಿ ನನ್ನ ಅಮ್ಮನ ಮಾತಿಗಿಂತ ಹೆಚ್ಚಾಗಿ ನಾನು ಗಂಗಕ್ಕನ ಮಾತನ್ನು ಕೇಳಿದ್ದೇನೆ. ಅಮ್ಮ ಫೋನ್ ಮಾಡಿದರೆ "ಎಂಗಿದೀಯ?" ಎಂದು ನಾನೇ ಕೇಳಿ ಬೈಸಿಕೊಂಡದ್ದೂ ಉಂಟು.

ತಿಂಗಳ ಕೊನೆಯ ಶುಕ್ರವಾರ ನಮ್ಮಲ್ಲಿ ಅಳಿಸುವ ದಿನ. ಮೇಡಂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಬರೆದಾದ ಒಂದೊಂದೇ ಮುದ್ರಣದ ಗುರುತನ್ನು ಅವರು ಓದುವುದು, ನಾನು ಅಳಿಸುವುದು. "ಹೋಯ್ತಾ?" "ಹೋಯ್ತು ಮೇಡಂ." ರೆಕಾರ್ಡರಿನಿಂದ, ಕಂಪ್ಯೂಟರಿನಿಂದ, ಬೀರುವಿನಲ್ಲಿಟ್ಟ ಇನ್ನೊಂದು ಪ್ರತಿಯಿಂದ, ಮೂರು ಕಡೆಯಿಂದಲೂ. ಬಡವರ ಮನೆಯ ಮಾತನ್ನು ತಂದು ವರ್ಷಗಟ್ಟಲೆ ಕೂಡಿಟ್ಟುಕೊಳ್ಳುವವರನ್ನು ಕಂಡರೆ ಮೇಡಮ್ಮಿಗೆ ಮೈಯೆಲ್ಲ ಉರಿಯುತ್ತಿತ್ತು. ಅಳಿಸಿ ಮುಗಿದ ಮೇಲೆ ಕ್ಯಾಂಟೀನಿನಿಂದ ಟೀ ತರಿಸುತ್ತಿದ್ದರು, ಅದೊಂದು ದಿನ ಮಾತ್ರ ಅವರ ಲೆಕ್ಕದಲ್ಲಿ.

ಸೆಪ್ಟೆಂಬರ್ ಹೊತ್ತಿಗೆ ಪಲ್ಲವಿಯ ಓದಿನಲ್ಲಿ ಏನೋ ಕದಲಿತು. ಚಿಕ್ಕ ಚಿಕ್ಕ ಪದಗಳು ಒಂದೇ ಉಸಿರಿಗೆ ಬರತೊಡಗಿದವು. ಒಂದು ದಿನ ಅವಳು ಬಿಸ್ಕತ್ ಪೊಟ್ಟಣದ ಮೇಲಿನ ಕನ್ನಡ ಓದಿದಳೆಂದು ಗಂಗಕ್ಕ ಇಡೀ ಬೀದಿಗೆ ಸಾರಿದಳು. "ಮಿಸ್, ಇನ್ನೊಂದ್ ವರ್ಸ ಬುಟ್ರೆ ಇವ್ಳೇ ನಂಗೆ ಕಥೆ ಓದ್ ಏಳ್ತಾಳೆ. ನಾನು ಸುಮ್ಕೆ ಬಟ್ಟೆ ತೀಡ್ಕಂಡು ಕೇಳದು."

ದಸರಾ ರಜೆಗೆ ಮುಂಚೆ ಬಾಕಿ ಏನೂ ಉಳಿಯಬಾರದೆಂದು ಮೇಡಂ ಅಂದರು. ನಾನೂ ಮೈಮುರಿದು ಬರೆದು ಮುಗಿಸಿದೆ. ಆ ಸಲ ಅಳಿಸುವ ದಿನ ಸ್ವಲ್ಪ ಬೇಗ ಬಂತು. ಊರಿಗೆ ಹೊರಡುವ ಮುನ್ನ ಗಾಡಿಯ ಹತ್ತಿರ ಹೋದೆ. ಹಬ್ಬದ ಬಟ್ಟೆಗಳು ಅವಳ ಎದೆಯೆತ್ತರಕ್ಕೆ ಬಿದ್ದಿದ್ದವು. ಗಂಗಕ್ಕನ ಕಣ್ಣುಗಳು ಕೆಂಪಗಿದ್ದವು, ತಲೆಗೆ ಬಟ್ಟೆ ಬಿಗಿದಿದ್ದಳು.

"ಜ್ವರಾನಾ ಗಂಗಕ್ಕ?"

"ಅಯ್ಯೋ ಇಲ್ಲ ಮಿಸ್. ಪೆಟ್ಟಿಗೆ ಶಾಖಕ್ಕೆ ಮೈ ಬೆಚ್ಚಗೈತೆ. ಈ ಬಟ್ಟೆ ಕೊಟ್ಬುಟ್ರೆ ಮಲೀಕತೀನಿ."

ರಜೆ ಮುಗಿಸಿ ಬಂದಾಗ ಗಾಡಿಯ ಮೇಲೆ ಟಾರ್ಪಾಲು ಮುಚ್ಚಿ ಹಗ್ಗ ಬಿಗಿದಿತ್ತು. ಆಯುಧಪೂಜೆಯಲ್ಲಿ ಗಾಲಿಗೆ ಇಟ್ಟ ಕುಂಕುಮ ಹಾಗೇ ಇತ್ತು. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಗೇಟಿನೊಳಗಿಂದಲೇ ಹೇಳಿದರು. "ಗಂಗಮ್ಮ ಹೋಗ್ಬಿಟ್ರು ಮೇಡಂ. ಡೆಂಗ್ಯೂ ಅಂತೆ. ಆಸ್ಪತ್ರೆಗೆ ಹಾಕೋ ಹೊತ್ತಿಗೆ ಕೈ ಮೀರಿತ್ತಂತೆ." ನಾನು ಆ ಗಾಡಿಯ ಅಂಚು ಹಿಡಿದು ನಿಂತೆ. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ನಾಚಿಕೆ ಇಲ್ಲದೆ ಅತ್ತೆ.

ಶಾಲೆಯಲ್ಲಿ ಪಲ್ಲವಿ ಬೆಂಚಿನ ಮೇಲೆ ತಲೆ ಇಟ್ಟು ಕೂತಿದ್ದಳು. ಪುಸ್ತಕ ತೆಗೆಯುವುದಿಲ್ಲ, ಓದು ಎಂದರೆ ಅಲ್ಲಾಡುವುದಿಲ್ಲ ಎಂದು ಟೀಚರ್ ಹೇಳಿದರು. ನನ್ನನ್ನು ಕಂಡದ್ದೇ ಎದ್ದು ಓಡಿ ಬಂದಳು. ನನ್ನ ಮುಖವನ್ನಲ್ಲ, ಕೈಚೀಲವನ್ನು ನೋಡಿದಳು.

"ಮಿಸ್, ಅಮ್ಮನ್ನ ಹಾಕಿ."

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಹಾಡು ಹಾಕಿ ಎನ್ನುವ ಹಾಗೆ ಕೇಳಿದ್ದಳು. ನನ್ನ ರೆಕಾರ್ಡರಿನಲ್ಲಿ ಅವಳ ಅಮ್ಮ ಇದ್ದಾಳೆ, ಗುಂಡಿ ಒತ್ತಿದರೆ ಮಾತಾಡುತ್ತಾಳೆ ಎಂದು ಅವಳು ಇಷ್ಟು ದಿನ ನನಗಾಗಿ ಕಾದಿದ್ದಳು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಇವತ್ತು ತಂದಿಲ್ಲ ಪುಟ್ಟ" ಎಂದೆ.

ಮಾರನೇ ದಿನ ನಾಗರಾಜ ತನ್ನ ಟ್ಯಾಂಕರ್ ಸಮೇತ ವಿಶ್ವವಿದ್ಯಾಲಯದ ಗೇಟಿಗೆ ಬಂದ. ತಲೆ ಬೋಳಿಸಿತ್ತು. ನನ್ನ ಮುಂದೆ ಕೈ ಕಟ್ಟಿಕೊಂಡು ನಿಂತ.

"ಮೇಡಂ, ನಿಮ್ ತಾವ ಅವ್ಳ ಮಾತು ಐತಂತಲ್ಲ. ಮಗು ಸರ್ಯಾಗಿ ಊಟ ಮಾಡ್ತಿಲ್ಲ. ಮಿಸ್ ಮಿಷಿನ್ನಾಗೆ ಅಮ್ಮ ಅವ್ಳೆ, ಈಸ್ಕಂಡ್ ಬಾ ಅಂತೈತೆ."

"ನಿಮ್ಮ ಫೋನಲ್ಲಿ ಏನೂ ಇಲ್ವಾ ನಾಗರಾಜಣ್ಣ?"

ಇರಲಿಲ್ಲ. ಅವನ ಹಳೆಯ ಫೋನು ಆಷಾಢದಲ್ಲಿ ಟ್ಯಾಂಕರಿನ ನೀರಿಗೆ ಬಿದ್ದು ಕೆಟ್ಟಿತ್ತು. ಗಂಗಕ್ಕನದು ಗುಂಡಿ ಒತ್ತುವ ಚಿಕ್ಕ ಫೋನು. ಅವಳ ತಂಗಿಯ ಮದುವೆ ವಿಡಿಯೋದಲ್ಲಿ ಆರತಿ ತಟ್ಟೆ ಹಿಡಿದು ಬರುತ್ತಾಳಂತೆ, ಏನೋ ಹೇಳುತ್ತಾಳೆ, ಆದರೆ ಅದರ ಮೇಲೆ ಸಿನಿಮಾ ಹಾಡು ಹಾಕಿಬಿಟ್ಟಿದ್ದಾರೆ. "ಜಾಸ್ತಿ ಬ್ಯಾಡ ಮೇಡಂ. ಪಲ್ಲವೀ ಅಂತ ಕರ್ದಿರದು ಒಂದ್ ಸಿಕ್ರೂ ಸಾಕು" ಎಂದ.

ಹುಡುಕಿ ನೋಡುತ್ತೇನೆ ಎಂದು ಹೇಳಿ ಒಳಗೆ ಓಡಿದೆ. ಮೇಡಮ್ಮಿಗೆ ವಿಷಯ ಹೇಳುವಾಗ ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ನನಗಿಂತ ಮುಂದೆ ಕಂಪ್ಯೂಟರ್ ವಿಭಾಗಕ್ಕೆ ನಡೆದರು. ಅಲ್ಲಿನ ಶಂಕರ್ ಎಂಬವರು ಅಳಿಸಿದ್ದನ್ನು ಮರಳಿ ತೆಗೆಯುವುದರಲ್ಲಿ ನಿಪುಣರು. ರೆಕಾರ್ಡರು, ಕಂಪ್ಯೂಟರು, ಬೀರುವಿನ ಪ್ರತಿ, ಎಲ್ಲವನ್ನೂ ಅವರ ಮೇಜಿನ ಮೇಲಿಟ್ಟು ನಾವಿಬ್ಬರೂ ಸಂಜೆಯವರೆಗೆ ಪಕ್ಕದಲ್ಲೇ ಕೂತೆವು. ಕೊನೆಗೆ ಅವರು ಕುರ್ಚಿ ಹಿಂದಕ್ಕೆ ತಳ್ಳಿದರು. "ಇಷ್ಟು ನೀಟಾಗಿ ಅಳ್ಸಿರೋರನ್ನ ನಾನು ನೋಡೇ ಇಲ್ಲ ಮೇಡಂ" ಎಂದರು ಪಾಪ, ಮೆಚ್ಚುಗೆಯಿಂದಲೇ.

ಕಾರಿಡಾರಿನಲ್ಲಿ ಮೇಡಂ ನಿಂತುಬಿಟ್ಟರು. "ನಾವು ತಪ್ಪೇನೂ ಮಾಡಿಲ್ಲ, ಅಲ್ವೇನೇ?"

"ಇಲ್ಲ ಮೇಡಂ."

"ತಪ್ಪು ಮಾಡಿದ್ದಿದ್ರೆ ಚೆನ್ನಾಗಿರೋದು" ಎಂದರು.

ಒಂದನ್ನಾದರೂ ಸೋಮಾರಿತನದಿಂದ ಬಾಕಿ ಉಳಿಸಿಕೊಂಡಿದ್ದರೆ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ. ನನ್ನ ಜೀವನದಲ್ಲಿ ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಹೊತ್ತಿಗೆ ಸರಿಯಾಗಿ ಮುಗಿಸಿದ್ದು ಅದೊಂದೇ ಸಲ.

ಉಳಿದದ್ದು ನಾನು ಬರೆದಿಟ್ಟ ಹಾಳೆಗಳು. ಅದನ್ನು ಕೊಡಬಹುದೇ ಎಂದು ಕೇಳುವ ಮೊದಲೇ ಮೇಡಂ, "ಅದು ಅವರದೇ ಮಾತು, ಕೊಟ್ಟುಬಿಡು. ಆದ್ರೆ ಮೊದಲು ಹೆಸರು ವಾಪಸ್ ಹಾಕು" ಎಂದರು. ಯಾರ ಗುರುತೂ ಸಿಗಬಾರದೆಂದು ಬರೆಯುವಾಗ ಹೆಸರು ಬಂದ ಕಡೆಯೆಲ್ಲ ಬರೀ ಒಂದು ಗೆರೆ ಎಳೆಯುವುದು ನಮ್ಮ ನಿಯಮ. ಈಗ ಆ ಗೆರೆಗಳನ್ನೆಲ್ಲ ತುಂಬಲು ಕೂತೆ. ಹೆಸರು ಒಂದೇ ಆದರೂ ಗಂಗಕ್ಕ ಕರೆಯುತ್ತಿದ್ದ ಬಗೆ ಹಲವು. ಕೋಪ ಬಂದರೆ ಪೂರ್ತಿ ಪಲ್ಲವಿ. ಮುದ್ದಿಗೆ ಪಲ್ಲೀ. ಕೆಲಸ ಹೇಳಬೇಕಾದರೆ ನಮ್ ಪಲ್ಲವ್ವ. ಕಣ್ಣು ಮುಚ್ಚಿ, ಆ ಜಾಗದಲ್ಲಿ ಅವಳು ಏನೆಂದಿದ್ದಳು ಎಂದು ಕಿವಿಯನ್ನು ಕೇಳಿ ಕೇಳಿ ಬರೆದೆ. ಒಂದೂ ತಪ್ಪಿರಲಾರದು. ಆ ದನಿ ಇನ್ನು ಇದ್ದದ್ದು ನನ್ನ ತಲೆಯೊಳಗೆ ಮಾತ್ರ, ಮತ್ತು ಅದನ್ನು ತೆಗೆದು ಯಾರ ಕೈಗೂ ಕೊಡುವಂತಿರಲಿಲ್ಲ.

ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಭಾನುವಾರ ಅವರ ಮನೆಗೆ ಹೋದೆ. ಹಳೆಯ ಹೆಂಚಿನ ಮನೆಯೊಂದರ ಹಿತ್ತಲಿಗೆ ಅಂಟಿಸಿ ಕಟ್ಟಿದ ಒಂದು ಕೋಣೆ. ನಾಗರಾಜ ಹೊಸಿಲ ಮೇಲೆ ಕೂತಿದ್ದ. ಅಮ್ಮನ ಮಾತು ಮಿಷಿನ್ನಿನಲ್ಲಿ ಇಲ್ಲ, ಅಮ್ಮನೇ ಇಟ್ಟುಕೊಳ್ಳಬೇಡಿ ಎಂದಿದ್ದಳು, ಅದಕ್ಕೆ ತೆಗೆದುಬಿಟ್ಟೆವು ಎಂದು ನಾನು ಪಲ್ಲವಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದೆ.

"ಸುಳ್ಳು" ಎಂದಳು. ಮುಖ ಗೋಡೆಗೆ ತಿರುಗಿಸಿಕೊಂಡಳು. ನಾನು ಹಾಳೆಗಳನ್ನು ಅವಳ ಮಡಿಲಿಗೆ ಇಟ್ಟೆ. ಬಹಳ ಹೊತ್ತು ಮುಟ್ಟಲಿಲ್ಲ. ನಾಗರಾಜ, "ಬುಡಿ ಮೇಡಂ, ಅದ್ಕೆ ಓದಾಕಾಗಲ್ಲ" ಎಂದ. ಅದಕ್ಕೋ ಏನೋ, ಅವಳ ಬೆರಳು ಮೆಲ್ಲಗೆ ಮೊದಲ ಸಾಲಿಗೆ ಬಂತು.

"ಬಾ... ಇ... ಲ್ಲಿ... ಪ... ಲ್ಲೀ."

ನಿಂತಳು. ಮತ್ತೆ ಮೊದಲಿಂದ ಓದಿದಳು. "ಬಾ ಇಲ್ಲಿ ಪಲ್ಲೀ." ಹೊಸಿಲ ಮೇಲೆ ಕೂತಿದ್ದ ನಾಗರಾಜ ತಲೆ ಎತ್ತಿದ. "ಈ ಕೋಳಿ... ನೋಡು, ಟಿಕೀಟು ತಕಂಡಿಲ್ಲ, ಅದ್ಕೇ ಸೀಟಿನ್ ಕೆಳ್ಗೆ... ಅವುತ್ಕಂಡೈತೆ." ಪುಸ್ತಕದ ಪದದ ಮುಂದೆ ಎಡವುತ್ತಿದ್ದ ಹುಡುಗಿ ಇಲ್ಲಿ ಎಡವಲಿಲ್ಲ. ಅರ್ಧ ಓದುವಷ್ಟರಲ್ಲಿ ಉಳಿದರ್ಧ ಅವಳಿಗೆ ತಾನಾಗಿ ಬರುತ್ತಿತ್ತು. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದಳು, ಎಲ್ಲಿ ಗದರಬೇಕೋ ಅಲ್ಲಿ ಗದರಿದಳು. ಪರೀಕ್ಷೆಯ ದಿನವಾಗಿದ್ದರೆ ನಾನು ಹಿಗ್ಗಬೇಕಿತ್ತು. ನನಗೆ ಉಸಿರು ಬಿಡಲೂ ಭಯವಾಗಿತ್ತು.

ಹಾಳೆ ತಿರುವಿದಳು. ಅಲ್ಲಿ ಅವಳದೇ ಪ್ರಶ್ನೆ ಇತ್ತು. "ಆಮ್ಯಾಕೆ ಕೋಳಿ ಮನೇಗೆ ಎಂಗ್ ಬಂತಮ್ಮ?" ಅದರ ಕೆಳಗೆ ಗಂಗಕ್ಕನ ಉತ್ತರ. "ಇನ್ನೆಂಗ್ ಬತ್ತದೆ, ನಿಮ್ಮಪ್ಪನ್ ಟ್ಯಾಂಕರ್ ಅತ್ಕಂಡ್ ಬಂತು. ಅವ್ನು ಕೇಳ್ದೋರ್ನೆಲ್ಲ ಅತ್ತಿಸ್ಕತಾನೆ, ಕೋಳೀನ ಬುಡ್ತಾನಾ?" ನಾಗರಾಜ ಎದ್ದು ಹೊರಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತ. ಅವಳು ತನ್ನ ಬಗ್ಗೆ ಹೀಗೆಲ್ಲ ಹೇಳುತ್ತಿದ್ದಳೆಂದು ಅವನಿಗೆ ಗೊತ್ತೇ ಇರಲಿಲ್ಲ.

ಆ ಸಾಲಿನ ಕೊನೆಯಲ್ಲಿ ಪಲ್ಲವಿಯ ಬೆರಳು ನಿಂತಿತು. ಯಾರಾದರೂ ನಕ್ಕರೆ ಅಲ್ಲಿ ಆವರಣ ಹಾಕಿ ಒಳಗೆ ನಗು ಎಂದು ಬರೆಯುವುದು ನಮ್ಮ ಪದ್ಧತಿ. ಅಷ್ಟೇ ಬರೆಯುತ್ತೇವೆ.

"ಮಿಸ್, ಇಲ್ಲಿ ನಗು ಅಂತೈತೆ. ಅಮ್ಮ ನಕ್ತಾ?"

"ಹೂಂ ಪುಟ್ಟ. ತುಂಬಾ ನಕ್ರು."

"ಎಂಗ್ ನಕ್ತು? ಅದ್ನ ಯಾಕೆ ಬರ್ದಿಲ್ಲ?"

ನಾನು ಆವರಣದೊಳಗಿನ ಆ ಒಂದು ಪದವನ್ನು ನೋಡಿದೆ.

"ನೀವು ಕೇಳಿದ್ರಲ್ಲ ಮಿಸ್. ನೀವೇ ನಕ್ಕು ತೋರ್ಸಿ."

ನನಗೆ ಆ ನಗು ಚೆನ್ನಾಗಿ ಗೊತ್ತಿತ್ತು. ಮೊದಲು ಮೂಗಿನಲ್ಲಿ ಸಣ್ಣಗೆ ಶುರುವಾಗಿ, ತಡೆದುಕೊಂಡು, ಆಮೇಲೆ ಪೆಟ್ಟಿಗೆ ಕೆಳಗಿಟ್ಟು ಬಾಯಿತುಂಬ. ಅದರ ಹಿಂದೆ ಒಂದು ಪದ ಮುಚ್ಚಿಹೋಗಿತ್ತೆಂದು ಎಷ್ಟೋ ಸಲ ತಿರುಗಿಸಿ ತಿರುಗಿಸಿ ಕೇಳಿದ್ದೆ. ಹೇಗಾದರೂ ಒಮ್ಮೆ ಪ್ರಯತ್ನ ಮಾಡೋಣವೆಂದು ಬಾಯಿ ತೆರೆದೆ. ಬಂದದ್ದು ಅಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ.

ಪಲ್ಲವಿ ನನ್ನ ಮುಖವನ್ನೇ ನೋಡಿದಳು. "ಪರ್ವಾಗಿಲ್ಲ ಬುಡಿ ಮಿಸ್" ಎಂದು ಬೆರಳನ್ನು ಮುಂದಿನ ಸಾಲಿಗೆ ಇಟ್ಟು ಓದತೊಡಗಿದಳು.